ಎನ್‌ಎಂಎಂಎಸ್ ಪರೀಕ್ಷೆ ಮತ್ತು ವಿದ್ಯಾರ್ಥಿವೇತನ: ಪದೇ ಪದೇ ಕೇಳುವ ಪ್ರಶ್ನೆಗಳು

ಎಂಟನೇ ತರಗತಿಯಲ್ಲಿ ಒಂದು ಪರೀಕ್ಷೆ. ಅದರಲ್ಲಿ ಆಯ್ಕೆಯಾದರೆ ಒಂಬತ್ತನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ಸರ್ಕಾರಿ ಶಾಲೆಗೆ ಹೋಗುವ ಮಗುವಿನ ಮನೆಗೆ ಇದು ಸಣ್ಣ ಮೊತ್ತವಲ್ಲ. ಆದರೂ ಎಷ್ಟೋ ಮನೆಗಳಲ್ಲಿ ಇದರ ಹೆಸರೇ ಗೊತ್ತಿರುವುದಿಲ್ಲ. ಗೊತ್ತಿದ್ದವರಲ್ಲೂ ಕೆಲವರು ಪರೀಕ್ಷೆ ಗೆದ್ದು, ಆಮೇಲೆ ಒಂದು ಅರ್ಜಿ ಹಾಕದೆ ದುಡ್ಡು ಕಳೆದುಕೊಳ್ಳುತ್ತಾರೆ. ಪೋಷಕರು ಮತ್ತು ಮಕ್ಕಳು ನಮ್ಮಂಥ ಶಿಕ್ಷಕರ ಹತ್ತಿರ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿದ್ದೇನೆ. ಅರ್ಜಿಯ ಕೊನೆಯ ದಿನ, ಪರೀಕ್ಷೆಯ ದಿನ ಪ್ರತಿ ವರ್ಷ ಬದಲಾಗುತ್ತವೆ. ಅವನ್ನು ಮಾತ್ರ ಆಯಾ ವರ್ಷದ ಅಧಿಸೂಚನೆಯಲ್ಲೇ ನೋಡಿಕೊಳ್ಳಿ.

ಎನ್‌ಎಂಎಂಎಸ್ ಅಂದರೆ ಏನು? ಯಾರು ಕೊಡುವ ದುಡ್ಡು ಇದು?

ನ್ಯಾಷನಲ್ ಮೀನ್ಸ್ ಕಮ್ ಮೆರಿಟ್ ಸ್ಕಾಲರ್‌ಶಿಪ್ ಅನ್ನುವುದರ ಚಿಕ್ಕ ಹೆಸರು. ಕೇಂದ್ರ ಸರ್ಕಾರದ ಶಿಕ್ಷಣ ಸಚಿವಾಲಯ 2008ರಲ್ಲಿ ಶುರು ಮಾಡಿದ ಯೋಜನೆ. ಎಂಟನೇ ತರಗತಿ ಮುಗಿಯುವ ಹೊತ್ತಿಗೆ ಬಡತನದಿಂದ ಶಾಲೆ ಬಿಡುವ ಜಾಣ ಮಕ್ಕಳನ್ನು ತಡೆಯಬೇಕು, ಅವರು ಹನ್ನೆರಡನೇ ತರಗತಿವರೆಗೂ ಓದಬೇಕು ಅನ್ನುವುದು ಇದರ ಉದ್ದೇಶ. ಹಾಗಾಗಿ ಇಲ್ಲಿ ಎರಡು ಅಳತೆಗಳಿವೆ. ಮಗು ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಬೇಕು, ಮನೆಯ ಆದಾಯ ಮಿತಿಯೊಳಗೆ ಇರಬೇಕು. ಒಂದಿದ್ದು ಇನ್ನೊಂದು ಇಲ್ಲದಿದ್ದರೆ ಸಿಗುವುದಿಲ್ಲ.

ದೇಶದಲ್ಲಿ ವರ್ಷಕ್ಕೆ ಹೊಸದಾಗಿ 1 ಲಕ್ಷ ಮಕ್ಕಳಿಗೆ ಕೊಡುತ್ತಾರೆ. ಕರ್ನಾಟಕದ ಪಾಲು 5,534. ಮೊದಲು ತಿಂಗಳಿಗೆ 500 ರೂಪಾಯಿಯಂತೆ ವರ್ಷಕ್ಕೆ 6,000 ಇತ್ತು. 2017ರ ಏಪ್ರಿಲ್‌ನಿಂದ ತಿಂಗಳಿಗೆ 1,000 ರೂಪಾಯಿ ಆಯಿತು. ಹಳೆಯ ಕರಪತ್ರಗಳಲ್ಲಿ 6,000 ಅಂತ ನೋಡಿದರೆ ಗೊಂದಲ ಮಾಡಿಕೊಳ್ಳಬೇಡಿ.

ಯಾರು ಪರೀಕ್ಷೆ ಬರೆಯಬಹುದು?

ಈಗ ಎಂಟನೇ ತರಗತಿಯಲ್ಲಿ ಓದುತ್ತಿರುವ ಮಕ್ಕಳು. ಶಾಲೆ ಸರ್ಕಾರಿ, ಅನುದಾನಿತ ಅಥವಾ ಸ್ಥಳೀಯ ಸಂಸ್ಥೆಯ ಶಾಲೆ ಆಗಿರಬೇಕು. ಏಳನೇ ತರಗತಿಯಲ್ಲಿ ಕನಿಷ್ಠ ಶೇ. 55 ಅಂಕ ಅಥವಾ ಅದಕ್ಕೆ ಸಮನಾದ ಗ್ರೇಡ್ ಬಂದಿರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಮಕ್ಕಳಿಗೆ ಶೇ. 50 ಸಾಕು. ತಂದೆ ತಾಯಿಯ ಎಲ್ಲ ಮೂಲಗಳ ಆದಾಯ ಸೇರಿ ವರ್ಷಕ್ಕೆ 3.5 ಲಕ್ಷ ರೂಪಾಯಿ ದಾಟಿರಬಾರದು.

ಇದು ಎಂಟನೇ ತರಗತಿಯ ಮಕ್ಕಳಿಗಾಗಿಯೇ ಇರುವ ಪರೀಕ್ಷೆ. ಈ ವರ್ಷ ತಪ್ಪಿದರೆ ಒಂಬತ್ತನೇ ತರಗತಿಯಲ್ಲಿ ಬರೆಯೋಣ ಅನ್ನುವ ಹಾಗಿಲ್ಲ. ಅದಕ್ಕೇ ಏಳನೇ ತರಗತಿಯ ಮಕ್ಕಳ ಅಪ್ಪ ಅಮ್ಮಂದಿರೂ ಇದನ್ನು ಈಗಲೇ ಓದಿಕೊಳ್ಳಲಿ ಅಂತ ನನ್ನ ಆಸೆ.

ಮಗು ಆರ್‌ಟಿಇ ಸೀಟಿನಲ್ಲಿ ಖಾಸಗಿ ಶಾಲೆಯಲ್ಲಿದೆ. ನಾವು ಬಡವರೇ. ಬರೆಯಬಹುದಾ?

ಆಗುವುದಿಲ್ಲ. ಇಲ್ಲಿ ನೋಡುವುದು ಶಾಲೆ ಯಾವ ಬಗೆಯದು ಅನ್ನುವುದನ್ನು. ಫೀಸನ್ನು ಸರ್ಕಾರವೇ ಕಟ್ಟಿದರೂ ಅನುದಾನವಿಲ್ಲದ ಖಾಸಗಿ ಶಾಲೆ ಖಾಸಗಿ ಶಾಲೆಯೇ. ಅನುದಾನಿತ ಶಾಲೆಯಾದರೆ ಅಡ್ಡಿಯಿಲ್ಲ. ಒಂದೇ ಆಡಳಿತ ಮಂಡಳಿ ಅನುದಾನಿತ ಶಾಲೆಯನ್ನೂ ಅನುದಾನವಿಲ್ಲದ ಶಾಲೆಯನ್ನೂ ಒಂದೇ ಆವರಣದಲ್ಲಿ ನಡೆಸುವುದುಂಟು. ಮಗುವಿನ ದಾಖಲಾತಿ ಯಾವುದರಲ್ಲಿದೆ ಅಂತ ಮುಖ್ಯ ಶಿಕ್ಷಕರನ್ನೇ ಕೇಳಿ.

ನವೋದಯ, ಕೇಂದ್ರೀಯ ವಿದ್ಯಾಲಯ, ಮೊರಾರ್ಜಿ ಶಾಲೆ ಮಕ್ಕಳಿಗೆ?

ಇಲ್ಲ. ಕೇಂದ್ರೀಯ ವಿದ್ಯಾಲಯ ಮತ್ತು ನವೋದಯವನ್ನು ಯೋಜನೆ ಹೊರಗಿಟ್ಟಿದೆ. ಊಟ, ವಸತಿ, ಓದು ಮೂರನ್ನೂ ಸರ್ಕಾರವೇ ಕೊಡುವ ರಾಜ್ಯದ ವಸತಿ ಶಾಲೆಗಳೂ ಹೊರಗೆ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ಇದೇ ಬಗೆಯವು.

ಆದಾಯ ಪ್ರಮಾಣಪತ್ರ ಎಲ್ಲಿ ಮಾಡಿಸಬೇಕು?

ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ ತಹಶೀಲ್ದಾರ್ ಸಹಿಯ ಪ್ರಮಾಣಪತ್ರ ಸಿಗುತ್ತದೆ. ಅದರ ಮೇಲೆ ಆರ್‌ಡಿ ಸಂಖ್ಯೆ, ಅಂದರೆ ಆ ಪ್ರಮಾಣಪತ್ರದ ಗುರುತಿನ ಸಂಖ್ಯೆ ಇರುತ್ತದೆ. ಮನೆಯಲ್ಲಿ ಈಗಾಗಲೇ ಇದ್ದರೆ ಅದರ ಅವಧಿ ಮುಗಿದಿದೆಯಾ ನೋಡಿ. ಮೀಸಲಾತಿ ಇರುವವರು ಜಾತಿ ಪ್ರಮಾಣಪತ್ರವನ್ನೂ ಜೊತೆಗೇ ಮಾಡಿಸಿಕೊಳ್ಳಿ. ಕೊನೆಯ ವಾರದಲ್ಲಿ ಎಲ್ಲರೂ ಒಟ್ಟಿಗೆ ಹೋಗುವುದರಿಂದ ಅಲ್ಲಿ ರಶ್ ಜಾಸ್ತಿ. ಶಾಲೆ ಶುರುವಾದ ಮೊದಲ ಎರಡು ತಿಂಗಳಲ್ಲೇ ಈ ಕೆಲಸ ಮುಗಿಸಿದರೆ ಒಳ್ಳೆಯದು.

ಪರೀಕ್ಷೆಗೆ ಅರ್ಜಿ ನಾವೇ ಹಾಕಬೇಕಾ, ಶಾಲೆಯವರು ಹಾಕುತ್ತಾರಾ?

ಶಾಲೆಯ ಮೂಲಕವೇ ಹೋಗಬೇಕು. ಕರ್ನಾಟಕದಲ್ಲಿ ಈ ಪರೀಕ್ಷೆಯನ್ನು ಈಗ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ನಡೆಸುತ್ತದೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆ ನಡೆಸುವುದೂ ಇದೇ ಮಂಡಳಿ. ಮುಖ್ಯ ಶಿಕ್ಷಕರು ಶಾಲೆಯ ಲಾಗಿನ್‌ನಲ್ಲಿ ಮಗುವಿನ ವಿವರ ತುಂಬುತ್ತಾರೆ.

ಆದರೆ ಶಾಲೆಯವರು ಹಾಕಿರುತ್ತಾರೆ ಬಿಡಿ ಅಂತ ಸುಮ್ನೆ ಕೂರಬೇಡಿ. ಅಧಿಸೂಚನೆ ಬಂದ ವಾರದಲ್ಲೇ ಹೋಗಿ, ನಮ್ಮ ಮಗುವಿನ ಹೆಸರು ಸೇರಿಸಿದ್ದೀರಾ ಅಂತ ಕೇಳಿ. ತುಂಬಿದ ಅರ್ಜಿಯ ಪ್ರತಿ ತೆಗೆದುಕೊಳ್ಳಿ. ಅದರಲ್ಲಿ ಹೆಸರು, ಹುಟ್ಟಿದ ದಿನ, ಜಾತಿ ವರ್ಗ, ಮಾಧ್ಯಮ ಇಷ್ಟನ್ನು ಕಣ್ಣಾರೆ ನೋಡಿ. ವರ್ಗ ತಪ್ಪಾಗಿ ನಮೂದಾದರೆ ಮೀಸಲಾತಿ ಕೈತಪ್ಪುತ್ತದೆ. ಮಾಧ್ಯಮ ತಪ್ಪಾದರೆ ಪರೀಕ್ಷೆಯ ದಿನ ಮಗು ಬೇರೆ ಭಾಷೆಯ ಪ್ರಶ್ನೆಪತ್ರಿಕೆ ಹಿಡಿದು ಕೂರಬೇಕಾಗುತ್ತದೆ.

ಪರೀಕ್ಷೆ ಹೇಗಿರುತ್ತದೆ?

ಒಂದೇ ದಿನ ಎರಡು ಪತ್ರಿಕೆ. ಮೊದಲನೆಯದು ಮಾನಸಿಕ ಸಾಮರ್ಥ್ಯ ಪರೀಕ್ಷೆ. ಶಾಲೆಗಳಲ್ಲಿ ಇದನ್ನು ಜಿಮ್ಯಾಟ್ ಅನ್ನುತ್ತಾರೆ. ಎರಡನೆಯದು ಪಾಠಗಳ ಮೇಲಿನ ಪರೀಕ್ಷೆ, ಅದು ಸ್ಯಾಟ್. ಎರಡರಲ್ಲೂ 90 ಪ್ರಶ್ನೆ, 90 ಅಂಕ, 90 ನಿಮಿಷ. ಎಲ್ಲವೂ ನಾಲ್ಕು ಆಯ್ಕೆಯ ಪ್ರಶ್ನೆಗಳು. ಉತ್ತರವನ್ನು ಒಎಂಆರ್ ಹಾಳೆಯಲ್ಲಿ, ಅಂದರೆ ವೃತ್ತ ತುಂಬುವ ಉತ್ತರ ಹಾಳೆಯಲ್ಲಿ ಗುರುತಿಸಬೇಕು.

ಸ್ಯಾಟ್ ಪತ್ರಿಕೆಯಲ್ಲಿ ವಿಜ್ಞಾನಕ್ಕೆ 35, ಸಮಾಜ ವಿಜ್ಞಾನಕ್ಕೆ 35, ಗಣಿತಕ್ಕೆ 20 ಅಂಕ. ಪ್ರಶ್ನೆಗಳು ಏಳು ಮತ್ತು ಎಂಟನೇ ತರಗತಿಯ ಪಾಠಗಳ ಮೇಲೆ. ವಿಶೇಷ ಚೇತನ ಮಕ್ಕಳಿಗೆ ಹೆಚ್ಚಿನ ಸಮಯ ಕೊಡುವ ಅವಕಾಶವಿದೆ. ಅಂಥ ಮಗು ಇದ್ದರೆ ಅರ್ಜಿ ತುಂಬುವಾಗಲೇ ಅದನ್ನು ನಮೂದಿಸಲು ಹೇಳಿ.

ಎಷ್ಟು ಅಂಕ ಬಂದರೆ ವಿದ್ಯಾರ್ಥಿವೇತನ ಸಿಗುತ್ತದೆ?

ಎಲ್ಲರೂ ಕೇಳುವ ಪ್ರಶ್ನೆ ಇದು. ಎಲ್ಲರೂ ತಪ್ಪು ತಿಳಿದುಕೊಳ್ಳುವುದೂ ಇಲ್ಲೇ. ಸ್ವಲ್ಪ ನಿಧಾನವಾಗಿ ನೋಡೋಣ.

ಅರ್ಹತೆಯ ಅಂಕ ಅಂತ ಒಂದಿದೆ. ಎರಡೂ ಪತ್ರಿಕೆ ಸೇರಿ ಶೇ. 40, ಅಂದರೆ 180ಕ್ಕೆ 72. ಪರಿಶಿಷ್ಟ ಜಾತಿ ಮತ್ತು ಪಂಗಡದ ಮಕ್ಕಳಿಗೆ ಶೇ. 32, ಅಂದರೆ ಸುಮಾರು 58. ಇಷ್ಟು ಬಂದರೆ ಮಗು ಪಾಸು. ಆದರೆ ಪಾಸಾದ ಎಲ್ಲರಿಗೂ ದುಡ್ಡು ಬರುವುದಿಲ್ಲ. ರಾಜ್ಯಕ್ಕೆ ಇರುವುದು 5,534 ಸ್ಥಾನ. ಅವನ್ನು ಜಿಲ್ಲೆಗಳಿಗೆ ಹಂಚುತ್ತಾರೆ, ಪ್ರತಿ ಜಿಲ್ಲೆಯೊಳಗೆ ರಾಜ್ಯದ ಮೀಸಲಾತಿ ನಿಯಮದಂತೆ ವರ್ಗವಾರು ಹಂಚುತ್ತಾರೆ. ಆಮೇಲೆ ಪಾಸಾದವರನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿ, ಸ್ಥಾನ ಇರುವಷ್ಟು ಮಕ್ಕಳನ್ನು ಆಯ್ಕೆ ಮಾಡುತ್ತಾರೆ.

ಅಂದರೆ ನಿಮ್ಮ ಮಗು ಸ್ಪರ್ಧಿಸುವುದು ಇಡೀ ರಾಜ್ಯದ ಮಕ್ಕಳ ಜೊತೆಗಲ್ಲ. ತನ್ನ ಜಿಲ್ಲೆಯ, ತನ್ನ ವರ್ಗದ ಮಕ್ಕಳ ಜೊತೆ. ಒಂದು ಜಿಲ್ಲೆಯಲ್ಲಿ ಆಯ್ಕೆಯಾಗುವ ಅಂಕ ಪಕ್ಕದ ಜಿಲ್ಲೆಯಲ್ಲಿ ಸಾಲದೇ ಹೋಗಬಹುದು. ಒಂದೇ ಜಿಲ್ಲೆಯಲ್ಲೂ ವರ್ಷದಿಂದ ವರ್ಷಕ್ಕೆ ಏರಿಳಿತ ಇರುತ್ತದೆ. ಪಕ್ಕದ ಮನೆಯ ಹುಡುಗಿಗೆ ಹೋದ ವರ್ಷ ಇಷ್ಟಕ್ಕೇ ಸಿಕ್ಕಿತ್ತು ಅನ್ನುವ ಲೆಕ್ಕ ಈ ವರ್ಷ ಕೆಲಸಕ್ಕೆ ಬರುವುದಿಲ್ಲ. ನಿಮ್ಮ ಜಿಲ್ಲೆಯ ಹಿಂದಿನ ಎರಡು ಮೂರು ವರ್ಷಗಳ ಆಯ್ಕೆ ಪಟ್ಟಿ ಸಿಕ್ಕರೆ ನೋಡಿ. ನಿಮ್ಮ ವರ್ಗದಲ್ಲಿ ಕೊನೆಯದಾಗಿ ಆಯ್ಕೆಯಾದ ಮಗುವಿಗೆ ಎಷ್ಟು ಬಂದಿತ್ತು ಅನ್ನುವುದು ಗೊತ್ತಾದರೆ ಗುರಿ ಸ್ಪಷ್ಟವಾಗುತ್ತದೆ. ಮಕ್ಕಳಿಗೆ 72ನ್ನು ಗುರಿಯಾಗಿ ಯಾರೂ ಹೇಳಬೇಡಿ. ಅದು ಬಾಗಿಲು ಮಾತ್ರ.

ಮಾನಸಿಕ ಸಾಮರ್ಥ್ಯ ಪತ್ರಿಕೆಗೆ ಪುಸ್ತಕವೇ ಇಲ್ಲ. ಹೇಗೆ ತಯಾರಾಗುವುದು?

ಪಠ್ಯಪುಸ್ತಕ ಇಲ್ಲ ನಿಜ. ಆದರೆ ಪ್ರಶ್ನೆಗಳ ಬಗೆಗಳು ಹೆಚ್ಚುಕಡಿಮೆ ಅವೇ ಬರುತ್ತವೆ. ಸಂಖ್ಯಾ ಸರಣಿ, ಅಕ್ಷರ ಸರಣಿ, ಗುಂಪಿಗೆ ಸೇರದ್ದು, ಸಂಬಂಧ ಹೊಂದಿಸುವುದು, ಸಂಕೇತ ಭಾಷೆ, ರಕ್ತಸಂಬಂಧ, ದಿಕ್ಕು, ಕ್ಯಾಲೆಂಡರ್, ಗಡಿಯಾರ, ಕನ್ನಡಿ ಬಿಂಬ, ನೀರಿನ ಬಿಂಬ, ಅಡಗಿರುವ ಚಿತ್ರ, ಘನ ಮತ್ತು ದಾಳ, ವೆನ್ ಚಿತ್ರ. ಒಂದೊಂದು ಬಗೆಗೂ ಒಂದು ದಾರಿ ಇರುತ್ತದೆ. ಆ ದಾರಿ ಹಿಡಿಯುವುದನ್ನು ಕಲಿಸಬೇಕು. ಉತ್ತರ ಬಾಯಿಪಾಠ ಮಾಡಿಸಿ ಏನೂ ಉಪಯೋಗವಿಲ್ಲ.

ಉದಾಹರಣೆಗೆ 3, 8, 15, 24, 35, ಮುಂದೆ ಎಷ್ಟು? ಮಗುವಿಗೆ ಮೊದಲು ವ್ಯತ್ಯಾಸ ಬರೆಯಲು ಹೇಳಿ. 5, 7, 9, 11. ಹಾಗಾದರೆ ಮುಂದಿನದು 13, ಉತ್ತರ 48. ಆಮೇಲೆ ಇನ್ನೊಂದು ದಾರಿ ತೋರಿಸಿ. 4ರಲ್ಲಿ 1 ಕಳೆದರೆ 3, 9ರಲ್ಲಿ 1 ಕಳೆದರೆ 8, 16ರಲ್ಲಿ 1 ಕಳೆದರೆ 15. ಇವೆಲ್ಲ ವರ್ಗಸಂಖ್ಯೆಗಳು. 49ರಲ್ಲಿ 1 ಕಳೆದರೆ ಅದೇ 48. ಎರಡೂ ದಾರಿ ಕಂಡ ಮಗು ಮುಂದಿನ ಸರಣಿಗೆ ಹೆದರುವುದಿಲ್ಲ. 1ರಿಂದ 25ರವರೆಗಿನ ವರ್ಗ, 1ರಿಂದ 10ರವರೆಗಿನ ಘನ ಬಾಯಿಗೆ ಬರುತ್ತಿದ್ದರೆ ಅರ್ಧ ಸರಣಿಗಳು ನೋಡುತ್ತಲೇ ಬಿಡಿಸಿಹೋಗುತ್ತವೆ.

ಕನ್ನಡಿಯಲ್ಲಿ ಗಡಿಯಾರ 4 ಗಂಟೆ 20 ನಿಮಿಷ ತೋರಿಸುತ್ತಿದ್ದರೆ ನಿಜವಾದ ಸಮಯ ಎಷ್ಟು? 11 ಗಂಟೆ 60 ನಿಮಿಷದಿಂದ 4:20 ಕಳೆಯಿರಿ. 7:40. ಸೂತ್ರ ಹೇಳುವ ಮೊದಲು ಗೋಡೆ ಗಡಿಯಾರವನ್ನು ನಿಜವಾಗಿಯೂ ಕನ್ನಡಿ ಮುಂದೆ ಹಿಡಿದು ತೋರಿಸಿ. ಹಾಗೆ ನೋಡಿದ ಮಗು ಸೂತ್ರ ಮರೆತರೂ ಉತ್ತರ ಕಂಡುಹಿಡಿಯುತ್ತದೆ.

ಕ್ಯಾಲೆಂಡರ್ ಲೆಕ್ಕವೂ ಅಷ್ಟೇ. ಸಾಮಾನ್ಯ ವರ್ಷದಲ್ಲಿ 365 ದಿನ, ಅಂದರೆ 52 ವಾರ ಮತ್ತು ಒಂದು ದಿನ. ಹಾಗಾಗಿ ಅದೇ ತಾರೀಕಿನ ವಾರದ ದಿನ ಮುಂದಿನ ವರ್ಷ ಒಂದು ದಿನ ಮುಂದೆ ಸರಿಯುತ್ತದೆ. ಅಧಿಕ ವರ್ಷವಾದರೆ ಎರಡು. 2024ರ ಜನವರಿ 1 ಸೋಮವಾರ. 2024 ಅಧಿಕ ವರ್ಷ, ಆದ್ದರಿಂದ 2025ರ ಜನವರಿ 1 ಬುಧವಾರ.

ಘನದ ಪ್ರಶ್ನೆಗಳಲ್ಲಿ ಮಕ್ಕಳು ಜಾಸ್ತಿ ತಡವರಿಸುತ್ತಾರೆ. ಆರೂ ಮುಖಕ್ಕೆ ಬಣ್ಣ ಹಚ್ಚಿದ ಘನವನ್ನು 27 ಸಮ ತುಂಡು ಮಾಡಿದರೆ ಮೂರು ಮುಖಕ್ಕೆ ಬಣ್ಣ ಇರುವ ತುಂಡು ಎಷ್ಟು? ಪುಸ್ತಕದ ಚಿತ್ರದಲ್ಲಿ ಇದು ಕಾಣುವುದಿಲ್ಲ. ಒಂದು ದೊಡ್ಡ ಆಲೂಗಡ್ಡೆಯನ್ನು ಚೌಕಾಕಾರಕ್ಕೆ ಕತ್ತರಿಸಿ, ಹೊರಗೆ ಅರಿಸಿನ ಹಚ್ಚಿ, 27 ತುಂಡು ಮಾಡಿಸಿ. ಮೂಲೆಯ 8 ತುಂಡಿಗೆ ಮೂರು ಮುಖ, ಅಂಚಿನ 12ಕ್ಕೆ ಎರಡು, ನಡುವಿನ 6ಕ್ಕೆ ಒಂದು, ಒಳಗಿನ 1ಕ್ಕೆ ಬಣ್ಣವೇ ಇಲ್ಲ. ಕೂಡಿಸಿದರೆ 27. ಇದನ್ನು ಕೈಯಾರೆ ಮಾಡಿದ ಮಗುವಿಗೆ ಮತ್ತೆ ಹೇಳಿಕೊಡಬೇಕಾಗಿಲ್ಲ.

ದಿಕ್ಕಿನ ಲೆಕ್ಕಕ್ಕೆ ಒಂದೇ ಮಾತು: ಚಿತ್ರ ಬರೆಯದೆ ಉತ್ತರ ಹೇಳಬಾರದು. ಉತ್ತರಕ್ಕೆ 3 ಕಿ.ಮೀ. ಹೋಗಿ, ಬಲಕ್ಕೆ ತಿರುಗಿ 4 ಕಿ.ಮೀ. ಹೋದರೆ ಹೊರಟ ಜಾಗದಿಂದ ನೇರ ದೂರ 5 ಕಿ.ಮೀ. ಚಿತ್ರ ಬರೆದರೆ ಲಂಬಕೋನ ತ್ರಿಭುಜ ತಾನಾಗಿ ಕಾಣುತ್ತದೆ. ರಕ್ತಸಂಬಂಧಕ್ಕೂ ಇದೇ ಅಭ್ಯಾಸ, ವಂಶವೃಕ್ಷ ಬರೆದೇ ಬಿಡಿಸಬೇಕು.

ಸ್ಯಾಟ್ ಪತ್ರಿಕೆಗೆ ಯಾವ ಗೈಡ್ ಕೊಳ್ಳಬೇಕು?

ಮೊದಲು ಏಳು ಮತ್ತು ಎಂಟನೇ ತರಗತಿಯ ಪಠ್ಯಪುಸ್ತಕ. ಗೈಡ್ ಆಮೇಲೆ. ಏಳನೇ ತರಗತಿಯ ಪುಸ್ತಕಗಳನ್ನು ರಜೆಯಲ್ಲಿ ಯಾರಿಗೋ ಕೊಟ್ಟುಬಿಡಬೇಡಿ. ಪಾಠದ ಒಳಗಿನ ಚೌಕಟ್ಟುಗಳು, ಚಿತ್ರದ ಕೆಳಗಿನ ಸಾಲು, ಕೋಷ್ಟಕ, ನಕ್ಷೆ ಇವನ್ನು ಮಕ್ಕಳು ಹಾರಿಸಿಬಿಡುತ್ತಾರೆ. ನಾಲ್ಕು ಆಯ್ಕೆಯ ಪ್ರಶ್ನೆ ಮಾಡಲು ಅವು ತುಂಬಾ ಅನುಕೂಲ.

ಅಂಕಗಳ ಹಂಚಿಕೆ ಮತ್ತೊಮ್ಮೆ ನೋಡಿ. ಗಣಿತ 20, ಸಮಾಜ ವಿಜ್ಞಾನ 35. ಆದರೆ ಮನೆಗಳಲ್ಲಿ ಟ್ಯೂಷನ್ ಇರುವುದು ಗಣಿತಕ್ಕೆ, ಸಮಾಜ ವಿಜ್ಞಾನವನ್ನು ಪರೀಕ್ಷೆಯ ಹಿಂದಿನ ದಿನ ಓದಿದರಾಯಿತು ಅನ್ನುತ್ತಾರೆ. ಇತಿಹಾಸ, ಭೂಗೋಳ, ಪೌರನೀತಿಗೆ ದಿನಕ್ಕೆ ಅರ್ಧ ಗಂಟೆ ಕೊಟ್ಟ ಮಗು ಈ ಪತ್ರಿಕೆಯಲ್ಲಿ ಮುಂದೆ ಹೋಗುತ್ತದೆ.

ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಮಾತ್ರ ಬಿಡಬೇಡಿ. ಶಾಲೆಯಲ್ಲಿ ಕೇಳಿ ಪಡೆಯಿರಿ. ಗಡಿಯಾರ ಇಟ್ಟು, 90 ನಿಮಿಷಕ್ಕೆ ಒಂದು ಪತ್ರಿಕೆ ಬರೆಸಿ. ಎದ್ದು ಹೋಗುವ ಹಾಗಿಲ್ಲ, ನಡುವೆ ಯಾರನ್ನೂ ಕೇಳುವ ಹಾಗಿಲ್ಲ. ಬರೆದಾದ ಮೇಲೆ ತಪ್ಪಾದ ಪ್ರಶ್ನೆಗಳನ್ನು ಒಂದು ನೋಟ್‌ಬುಕ್‌ನಲ್ಲಿ ಇಳಿಸಿ, ವಾರದ ನಂತರ ಅವನ್ನೇ ಮತ್ತೆ ಬಿಡಿಸಲಿ.

ಕೋಚಿಂಗ್‌ಗೆ ಕಳಿಸಲೇಬೇಕಾ?

ಬೇಕಿಲ್ಲ. ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಶಿಕ್ಷಕರೇ ಸಂಜೆ ಒಂದು ಗಂಟೆ ಹೆಚ್ಚು ಕೂತು ಹೇಳಿಕೊಡುತ್ತಾರೆ. ನಿಮ್ಮ ಶಾಲೆಯಲ್ಲಿ ಇಲ್ಲದಿದ್ದರೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಕೇಳಿ. ನಾಲ್ಕೈದು ಮಕ್ಕಳು ಒಟ್ಟಿಗೆ ಕೂತು ಹಳೆಯ ಪತ್ರಿಕೆ ಬಿಡಿಸಿ, ಒಬ್ಬರಿಗೊಬ್ಬರು ವಿವರಿಸಿಕೊಂಡರೆ ತುಂಬಾ ಕಲಿಯುತ್ತಾರೆ.

ಉತ್ತರ ಗೊತ್ತಿಲ್ಲದಿದ್ದರೆ ಬಿಟ್ಟುಬಿಡಬೇಕಾ?

ಬಿಡಬಾರದು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಖಾಲಿ ಬಿಟ್ಟರೆ ಸೊನ್ನೆ ಖಚಿತ. ನಾಲ್ಕರಲ್ಲಿ ಎರಡು ಖಂಡಿತ ಅಲ್ಲ ಅಂತ ಗೊತ್ತಾದರೂ ಉಳಿದ ಎರಡರಲ್ಲಿ ಒಂದನ್ನು ಆರಿಸಬಹುದು ಅಲ್ವಾ?

ಸಮಯ ಪ್ರಶ್ನೆಗೆ ಒಂದೇ ನಿಮಿಷ. ಹಾಗಾಗಿ ಮೊದಲ ಸುತ್ತಿನಲ್ಲಿ ಬರುವ ಪ್ರಶ್ನೆಗಳನ್ನೆಲ್ಲ ಮುಗಿಸಿ, ಕಷ್ಟದವನ್ನು ಪ್ರಶ್ನೆಪತ್ರಿಕೆಯಲ್ಲಿ ಗುರುತು ಮಾಡಿಕೊಂಡು ಎರಡನೇ ಸುತ್ತಿಗೆ ಬಿಡಲಿ. ಕೊನೆಯ ಐದು ನಿಮಿಷ ಖಾಲಿ ಉಳಿದ ವೃತ್ತಗಳಿಗೆ.

ಒಎಂಆರ್ ಹಾಳೆಯ ಅಭ್ಯಾಸ ಮನೆಯಲ್ಲೇ ಆಗಬೇಕು. ಒಂದು ಪ್ರಶ್ನೆ ಬಿಟ್ಟು ಮುಂದೆ ಹೋದ ಮಗು ಹಾಳೆಯಲ್ಲಿ ಸಾಲು ಬಿಡಲು ಮರೆತರೆ ಅಲ್ಲಿಂದ ಮುಂದಿನ ಎಲ್ಲವೂ ತಪ್ಪು. ಪ್ರತಿ ಹತ್ತು ಪ್ರಶ್ನೆಗೊಮ್ಮೆ ಪ್ರಶ್ನೆಯ ಸಂಖ್ಯೆ, ಹಾಳೆಯ ಸಂಖ್ಯೆ ಒಂದೇನಾ ಅಂತ ನೋಡುವ ರೂಢಿ ಮಾಡಿಸಿ. ಒಂದು ಪ್ರಶ್ನೆಗೆ ಎರಡು ವೃತ್ತ ತುಂಬಿದರೆ ಅಂಕ ಇಲ್ಲ. ಪೆನ್ನಿನಲ್ಲಿ ತುಂಬಿದ ಮೇಲೆ ಅಳಿಸಲೂ ಆಗದು.

ಕೀ ಉತ್ತರದಲ್ಲಿ ತಪ್ಪಿದೆ ಅನ್ನಿಸಿದರೆ?

ಮಂಡಳಿ ಮೊದಲು ಕೀ ಉತ್ತರ, ಅಂದರೆ ಸರಿ ಉತ್ತರಗಳ ಪಟ್ಟಿ ಪ್ರಕಟಿಸಿ ಆಕ್ಷೇಪಣೆ ಕೇಳುತ್ತದೆ. ಪಠ್ಯಪುಸ್ತಕದ ಪುಟವನ್ನು ತೋರಿಸಿ ಆಕ್ಷೇಪಣೆ ಸಲ್ಲಿಸಿ. ಕೊಟ್ಟಿರುವ ದಿನಗಳು ಕಡಿಮೆ, ಪ್ರಶ್ನೆಪತ್ರಿಕೆ ಜೋಪಾನವಾಗಿಡಿ.

ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದಿದೆ. ಇನ್ನು ದುಡ್ಡು ತಾನಾಗಿ ಬರುತ್ತದಲ್ಲಾ?

ಬರುವುದಿಲ್ಲ. ಈ ಪುಟದಲ್ಲಿ ಒಂದೇ ಒಂದು ಉತ್ತರ ನೆನಪಿಡುವುದಾದರೆ ಇದನ್ನೇ ನೆನಪಿಡಿ. ಪಾಸಾಗುವುದು ಬೇರೆ, ಆಯ್ಕೆಯಾಗುವುದು ಬೇರೆ, ದುಡ್ಡು ಖಾತೆಗೆ ಬರುವುದು ಬೇರೆ.

ಆಯ್ಕೆಯಾದ ಮಗು ಒಂಬತ್ತನೇ ತರಗತಿಗೆ ಸೇರಿದ ಮೇಲೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಹೊಸ ಅರ್ಜಿ ಹಾಕಬೇಕು. ಇದನ್ನು ಎನ್‌ಎಸ್‌ಪಿ ಅನ್ನುತ್ತಾರೆ. ಮೊದಲು ಆಧಾರ್ ಬಳಸಿ ಒಂದು ಸಲದ ನೋಂದಣಿ, ಅದಕ್ಕೆ ಒಟಿಆರ್ ಅಂತ ಹೆಸರು. ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಮಗುವಿಗೆ ಮುಂದಿನ ಎಲ್ಲ ವರ್ಷಗಳಿಗೂ ಅದೇ ಸಂಖ್ಯೆ. ಆಮೇಲೆ ಎನ್‌ಎಂಎಂಎಸ್ ಯೋಜನೆ ಆರಿಸಿ ಅರ್ಜಿ ತುಂಬಬೇಕು.

ಅರ್ಜಿ ಹಾಕಿದರೆ ಮುಗಿಯಲಿಲ್ಲ. ಶಾಲೆಯ ನೋಡಲ್ ಅಧಿಕಾರಿ, ಅಂದರೆ ಈ ಕೆಲಸದ ಹೊಣೆ ಹೊತ್ತವರು, ಮೊದಲು ಅದನ್ನು ಪರಿಶೀಲಿಸಿ ಮುಂದೆ ಕಳಿಸಬೇಕು. ನಂತರ ಜಿಲ್ಲೆಯ ನೋಡಲ್ ಅಧಿಕಾರಿ. ಎರಡಕ್ಕೂ ಕೊನೆಯ ದಿನ ಬೇರೆ ಬೇರೆ ಇರುತ್ತದೆ. ಮಗು ಹಾಕಿದ ಅರ್ಜಿ ಶಾಲೆಯ ಲಾಗಿನ್‌ನಲ್ಲೇ ಉಳಿದುಬಿಟ್ಟರೆ ದುಡ್ಡು ಇಲ್ಲ. ಆದ್ದರಿಂದ ಅರ್ಜಿ ಹಾಕಿದ ಮರುದಿನವೇ ಪ್ರತಿಯನ್ನು ಹೈಸ್ಕೂಲಿನಲ್ಲಿ ಕೊಡಿ. ವಾರ ಬಿಟ್ಟು ಪೋರ್ಟಲ್‌ನಲ್ಲಿ ಸ್ಥಿತಿ ನೋಡಿ. ದೋಷವಿದೆ ಅಂತ ವಾಪಸ್ ಬಂದಿದ್ದರೆ ಗಡುವಿನೊಳಗೆ ಸರಿ ಮಾಡಿ ಮತ್ತೆ ಸಲ್ಲಿಸಬಹುದು.

ತುಂಬಾ ಮಕ್ಕಳು ಎಂಟರವರೆಗೆ ಒಂದು ಶಾಲೆ, ಒಂಬತ್ತಕ್ಕೆ ಇನ್ನೊಂದು ಶಾಲೆ. ಹಳೆಯ ಶಾಲೆಯವರು ಮಗು ಹೋಯಿತು ಅಂದುಕೊಳ್ಳುತ್ತಾರೆ, ಹೊಸ ಶಾಲೆಯವರಿಗೆ ಈ ಮಗು ಆಯ್ಕೆಯಾಗಿದೆ ಅಂತಲೇ ಗೊತ್ತಿರುವುದಿಲ್ಲ. ನಡುವೆ ಮಗುವಿನ ದುಡ್ಡು ಬಿದ್ದುಹೋಗುತ್ತದೆ. ಒಂಬತ್ತನೇ ತರಗತಿಗೆ ಸೇರಿಸುವ ದಿನವೇ ಆಯ್ಕೆ ಪಟ್ಟಿಯ ಪ್ರತಿ ಮುಖ್ಯ ಶಿಕ್ಷಕರ ಕೈಗೆ ಕೊಡಿ. ಒಂಬತ್ತರಲ್ಲಿ ಹೊಸ ಅರ್ಜಿ ಹಾಕದಿದ್ದರೆ ಮುಂದಿನ ವರ್ಷ ನವೀಕರಿಸಲು ಏನೂ ಇರುವುದಿಲ್ಲ.

ಸೈಬರ್ ಸೆಂಟರ್‌ನಲ್ಲಿ ಅರ್ಜಿ ಹಾಕಿಸಬಹುದಾ?

ಹಾಕಿಸಿ. ಆದರೆ ನೋಂದಣಿಯಲ್ಲಿ ಕೊಡುವ ಮೊಬೈಲ್ ನಂಬರ್ ನಿಮ್ಮದೇ ಆಗಿರಲಿ, ನಾಲ್ಕು ವರ್ಷ ಬದಲಾಯಿಸದ ನಂಬರ್ ಆಗಿರಲಿ. ಅಂಗಡಿಯವರ ನಂಬರ್ ಕೊಟ್ಟರೆ ಮುಂದಿನ ವರ್ಷ ಒಟಿಪಿ ಅವರಿಗೆ ಹೋಗುತ್ತದೆ. ಪಾಸ್‌ವರ್ಡ್ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ವಿದ್ಯಾರ್ಥಿವೇತನ ಮಂಜೂರಾಗಿದೆ, ಒಟಿಪಿ ಹೇಳಿ ಅಂತ ಯಾರೇ ಫೋನ್ ಮಾಡಿದರೂ ಹೇಳಬೇಡಿ.

ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯಲ್ಲಿ ಒಂದು ಹೆಸರು ಇದೆ. ತೊಂದರೆಯಾಗುತ್ತದಾ?

ಆಗುತ್ತದೆ. ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಶಾಲೆಯಲ್ಲಿ ಮುಂದೆ, ಬ್ಯಾಂಕಿನಲ್ಲಿ ಇನಿಷಿಯಲ್ಲೇ ಇಲ್ಲ. ಇಂಥ ಸಣ್ಣ ವ್ಯತ್ಯಾಸಕ್ಕೇ ಅರ್ಜಿಗಳು ನಿಲ್ಲುತ್ತವೆ. ಮಗು ಎಂಟನೇ ತರಗತಿಯಲ್ಲಿರುವಾಗಲೇ ಆಧಾರ್, ಶಾಲೆಯ ಎಸ್‌ಎಟಿಎಸ್ (ವಿದ್ಯಾರ್ಥಿಗಳ ಆನ್‌ಲೈನ್ ವಿವರ) ದಾಖಲೆ, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಪಕ್ಕದಲ್ಲಿಟ್ಟು ಒಂದೊಂದು ಅಕ್ಷರವನ್ನೂ ಹೋಲಿಸಿ. ಹುಟ್ಟಿದ ದಿನವನ್ನೂ ನೋಡಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಬರುವುದು ಶಾಲಾ ದಾಖಲೆಯ ಹೆಸರು, ಆದ್ದರಿಂದ ಅದು ಸರಿಯಿದ್ದರೆ ಉಳಿದವನ್ನು ಅದಕ್ಕೆ ಹೊಂದಿಸುವುದು ಜಾಣತನ.

ಮಗುವಿಗೆ 15 ವರ್ಷ ತುಂಬಿದಾಗ ಆಧಾರ್‌ನ ಬೆರಳಚ್ಚು, ಕಣ್ಣು, ಫೋಟೋ ಮತ್ತೆ ಕೊಡಬೇಕು, ಅದು ಕಡ್ಡಾಯ. ಒಂಬತ್ತು, ಹತ್ತನೇ ತರಗತಿಯ ಹೊತ್ತಿಗೇ ಈ ವಯಸ್ಸು ಬರುತ್ತದೆ.

ಅಪ್ಪನ ಖಾತೆ ಕೊಡಬಹುದಾ?

ಮಗುವಿನ ಹೆಸರಿನಲ್ಲೇ ಖಾತೆ ಬೇಕು, ಅದಕ್ಕೆ ಮಗುವಿನ ಆಧಾರ್ ಜೋಡಣೆ ಆಗಿರಬೇಕು. ಇಲ್ಲೊಂದು ಸೂಕ್ಷ್ಮ ಇದೆ. ಬ್ಯಾಂಕಿನವರು ಆಧಾರ್ ಪ್ರತಿ ತೆಗೆದುಕೊಂಡು ಖಾತೆಯಲ್ಲಿ ದಾಖಲಿಸುವುದು ಒಂದು ಕೆಲಸ. ಸರ್ಕಾರದ ದುಡ್ಡು ಈ ಖಾತೆಗೆ ಬರಲಿ ಅಂತ ಬ್ಯಾಂಕುಗಳ ನಡುವಿನ ಹಣ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆಯ ವ್ಯವಸ್ಥೆಯಲ್ಲಿ ಜೋಡಿಸುವುದು ಇನ್ನೊಂದು ಕೆಲಸ. ಎರಡನೆಯದು ಆಗದಿದ್ದರೆ ದುಡ್ಡು ಬರುವುದಿಲ್ಲ. ಸರ್ಕಾರದ ದುಡ್ಡು ನೇರ ಖಾತೆಗೆ ಬರುವುದಕ್ಕೆ ಡಿಬಿಟಿ ಅನ್ನುತ್ತಾರೆ. ಬ್ಯಾಂಕಿನಲ್ಲಿ ಡಿಬಿಟಿಗೆ ಜೋಡಿಸಿಕೊಡಿ ಅಂತಲೇ ಕೇಳಿ. ಆಗಿದೆಯೋ ಇಲ್ಲವೋ ಅನ್ನುವುದನ್ನು ಆಧಾರ್ ವೆಬ್‌ಸೈಟ್‌ನಲ್ಲಿ ನೀವೇ ನೋಡಬಹುದು.

ಮಗುವಿಗೆ ಎರಡು ಖಾತೆ ಇದ್ದರೆ ದುಡ್ಡು ಹೋಗುವುದು ಕೊನೆಯದಾಗಿ ಜೋಡಿಸಿದ ಖಾತೆಗೆ. ಬಂದಿಲ್ಲ ಅಂತ ಗಾಬರಿಯಾಗುವ ಮೊದಲು ಇನ್ನೊಂದು ಪಾಸ್‌ಬುಕ್ ಎಂಟ್ರಿ ಮಾಡಿಸಿ ನೋಡಿ. ವರ್ಷಗಟ್ಟಲೆ ವ್ಯವಹಾರ ಇಲ್ಲದೆ ನಿಷ್ಕ್ರಿಯವಾದ ಖಾತೆಯಾದರೆ ಅದನ್ನೂ ಮೊದಲೇ ಚಾಲ್ತಿಗೆ ತರಬೇಕು.

ದುಡ್ಡು ತಿಂಗಳು ತಿಂಗಳು ಬರುತ್ತದಾ?

ಲೆಕ್ಕ ತಿಂಗಳಿಗೆ 1,000 ಅಂತ ಇದ್ದರೂ ಬರುವುದು ವರ್ಷಕ್ಕೊಮ್ಮೆ, 12,000 ಒಟ್ಟಿಗೆ. ಪರಿಶೀಲನೆಯ ಎರಡೂ ಹಂತ ಮುಗಿದ ಮೇಲೆ ಬರುವುದರಿಂದ ಅರ್ಜಿ ಹಾಕಿದ ಮೇಲೆ ತಿಂಗಳುಗಳೇ ಹಿಡಿಯುತ್ತವೆ. ಜೂನ್ ತಿಂಗಳ ಖರ್ಚಿಗೆ ಇದನ್ನೇ ನಂಬಿಕೊಂಡು ಕೂರಬೇಡಿ.

ಒಮ್ಮೆ ಸಿಕ್ಕರೆ ನಾಲ್ಕು ವರ್ಷವೂ ಗ್ಯಾರಂಟಿನಾ?

ಪ್ರತಿ ವರ್ಷ ನವೀಕರಣದ ಅರ್ಜಿ ಹಾಕಬೇಕು. ಜೊತೆಗೆ ಓದಿನ ಷರತ್ತುಗಳಿವೆ. ಒಂಬತ್ತರಿಂದ ಹತ್ತಕ್ಕೆ ಮೊದಲ ಪ್ರಯತ್ನದಲ್ಲೇ ಪಾಸಾಗಬೇಕು. ಎಸ್‌ಎಸ್‌ಎಲ್‌ಸಿಯಲ್ಲಿ ಕನಿಷ್ಠ ಶೇ. 60 ಬರಬೇಕು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 55. ಒಟ್ಟು 625 ಅಂಕದ ಲೆಕ್ಕದಲ್ಲಿ ಅದು 375 ಮತ್ತು 344. ಪ್ರಥಮ ಪಿಯುಸಿಯಿಂದ ದ್ವಿತೀಯಕ್ಕೂ ಮೊದಲ ಪ್ರಯತ್ನದಲ್ಲೇ ಪಾಸಾಗಬೇಕು.

ಮಧ್ಯದಲ್ಲಿ ಬೇರೆ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗವಾದರೆ ವಿದ್ಯಾರ್ಥಿವೇತನ ಹೋಗುವುದಿಲ್ಲ. ಪೋರ್ಟಲ್‌ನಲ್ಲಿ ಶಾಲೆಯ ಹೆಸರು ಬದಲಾಗಬೇಕು, ಎರಡೂ ಶಾಲೆಯ ಮುಖ್ಯ ಶಿಕ್ಷಕರಿಗೆ ತಿಳಿಸಿ.

ಎಸ್‌ಎಸ್‌ಎಲ್‌ಸಿ ಆದ ಮೇಲೆ ಖಾಸಗಿ ಪಿಯು ಕಾಲೇಜಿಗೆ ಸೇರಿದರೆ?

ನಿಲ್ಲುತ್ತದೆ. ಹನ್ನೆರಡನೇ ತರಗತಿ ಮುಗಿಯುವವರೆಗೂ ಮಗು ಸರ್ಕಾರಿ, ಅನುದಾನಿತ ಅಥವಾ ಸ್ಥಳೀಯ ಸಂಸ್ಥೆಯ ಶಾಲೆ ಕಾಲೇಜಿನಲ್ಲೇ ಓದಬೇಕು. ಎಸ್‌ಎಸ್‌ಎಲ್‌ಸಿಯಲ್ಲಿ ಚೆನ್ನಾಗಿ ಅಂಕ ತೆಗೆದ ಮಕ್ಕಳನ್ನು ಖಾಸಗಿ ಕಾಲೇಜುಗಳು ಕರೆಯುತ್ತವೆ, ಫೀಸಿನಲ್ಲಿ ರಿಯಾಯಿತಿ ಕೊಡುತ್ತೇವೆ ಅನ್ನುತ್ತವೆ. ಹೋಗಬೇಕೋ ಬೇಡವೋ ಅನ್ನುವುದು ನಿಮ್ಮ ತೀರ್ಮಾನ. ಆದರೆ ಲೆಕ್ಕ ಹಾಕುವಾಗ ಎರಡು ವರ್ಷದ 24,000 ರೂಪಾಯಿ ಕೈಬಿಟ್ಟುಹೋಗುತ್ತದೆ ಅನ್ನುವುದನ್ನೂ ಸೇರಿಸಿ. ಅನುದಾನಿತ ಪಿಯು ಕಾಲೇಜಿಗೆ ಸೇರಿದರೆ ತೊಂದರೆ ಇಲ್ಲ.

ಡಿಪ್ಲೊಮಾ ಮತ್ತು ಸರ್ಟಿಫಿಕೇಟ್ ಕೋರ್ಸುಗಳಿಗೂ ಈ ದುಡ್ಡು ಮುಂದುವರಿಯುವುದಿಲ್ಲ. ಹತ್ತರ ನಂತರ ಪಾಲಿಟೆಕ್ನಿಕ್ ಸೇರುವ ಯೋಚನೆ ಇದ್ದರೆ ಇದು ಗೊತ್ತಿರಲಿ.

ಆಯ್ಕೆಯಾಗಲಿಲ್ಲ. ಪರೀಕ್ಷೆ ಬರೆದು ಪಡೆಯುವ ಬೇರೆ ವಿದ್ಯಾರ್ಥಿವೇತನ ಇದೆಯಾ?

ಮೊದಲು ಹತ್ತನೇ ತರಗತಿಯ ಮಕ್ಕಳಿಗೆ ಎನ್‌ಟಿಎಸ್‌ಇ ಅನ್ನುವ ರಾಷ್ಟ್ರಮಟ್ಟದ ಪ್ರತಿಭಾ ಪರೀಕ್ಷೆ ಇತ್ತು. ಎನ್‌ಸಿಇಆರ್‌ಟಿ 1963ರಿಂದ ನಡೆಸುತ್ತಿದ್ದ ಯೋಜನೆ ಅದು. ಅದಕ್ಕಿದ್ದ ಮಂಜೂರಾತಿ 2021ರ ಮಾರ್ಚ್ 31ಕ್ಕೆ ಮುಗಿದು ನಿಂತುಹೋಯಿತು. ವಿಜ್ಞಾನದ ಮಕ್ಕಳಿಗಿದ್ದ ಕೆವಿಪಿವೈ ಪರೀಕ್ಷೆಯೂ 2022ರಲ್ಲಿ ನಿಂತು ಇನ್‌ಸ್ಪೈರ್ ಯೋಜನೆಯಲ್ಲಿ ಸೇರಿತು. ಇವೆರಡಕ್ಕೆ ತರಬೇತಿ ಕೊಡುತ್ತೇವೆ ಅಂತ ಯಾರಾದರೂ ಫೀಸು ಕೇಳಿದರೆ, ಪರೀಕ್ಷೆಯ ಅಧಿಸೂಚನೆ ತೋರಿಸಿ ಅಂತ ಮೊದಲು ಕೇಳಿ.

ದ್ವಿತೀಯ ಪಿಯುಸಿ ನಂತರ ಮೂಲ ವಿಜ್ಞಾನದಲ್ಲಿ ಪದವಿ ಓದುವವರಿಗೆ ಇನ್‌ಸ್ಪೈರ್ ವಿದ್ಯಾರ್ಥಿವೇತನ ಇದೆ. ವರ್ಷಕ್ಕೆ 80,000 ರೂಪಾಯಿ, ಅದರಲ್ಲಿ 20,000 ಬೇಸಿಗೆಯ ಸಂಶೋಧನಾ ಕೆಲಸಕ್ಕೆ. ತಮ್ಮ ಬೋರ್ಡಿನ ಹನ್ನೆರಡನೇ ತರಗತಿ ಪರೀಕ್ಷೆಯಲ್ಲಿ ಮೇಲಿನ ಶೇ. 1ರೊಳಗೆ ಬಂದವರು, ಇಲ್ಲವೇ ಜೆಇಇ, ನೀಟ್‌ನಂಥ ಪರೀಕ್ಷೆಗಳಲ್ಲಿ ಮೊದಲ 10,000 ರ‍್ಯಾಂಕ್‌ನೊಳಗೆ ಇದ್ದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರದಂಥ ವಿಷಯ ಆರಿಸಿಕೊಂಡವರು ಅರ್ಜಿ ಹಾಕಬಹುದು. ಎಂಜಿನಿಯರಿಂಗ್, ಮೆಡಿಕಲ್‌ಗೆ ಇದು ಇಲ್ಲ.

ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಬರೆದು ಕೆಲವೇ ಅಂಕಕ್ಕೆ ಸೋತ ಮಗುವಿನ ಒಎಂಆರ್ ಅಭ್ಯಾಸ, ಸಮಯದ ಹಿಡಿತ ಎಲ್ಲಿಗೂ ಹೋಗುವುದಿಲ್ಲ. ಆ ಮಗುವಿನ ಹಳೆಯ ಪ್ರಶ್ನೆಪತ್ರಿಕೆಗಳು ಮತ್ತು ತಪ್ಪುಗಳ ನೋಟ್‌ಬುಕ್ ನಿಮ್ಮ ಹತ್ತಿರ ಇದ್ದರೆ ಈ ವರ್ಷ ಎಂಟನೇ ತರಗತಿಗೆ ಬಂದಿರುವ ಮಕ್ಕಳಿಗೆ ಓದಲು ಕೊಡಿ.